ಮಾಡ್‌ಬಸ್.ಎಚ್ ಸಿಗುತ್ತಿಲ್ಲ, ಲೈಬ್ರರಿ ಮಾತ್ರ ಇದೆ

ಮೂಡಿಗೆರೆ_ಮಳೆ:
ತೋಟದ ಮಳೆಮಾಪಕವನ್ನು ಮಾಡ್‌ಬಸ್ (ಉಪಕರಣಗಳು ಪರಸ್ಪರ ಮಾತಾಡುವ ಪ್ರೋಟೊಕಾಲ್) ಮೂಲಕ ಓದಲು ಒಂದು ಸಿ ಪ್ರೋಗ್ರಾಂ. ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್, ಓಎಸ್ ಬುಕ್‌ವರ್ಮ್ (ಡೆಬಿಯನ್ 12). ಕಂಪೈಲರ್ ಜಿಸಿಸಿ ಮೊದಲ ಸಾಲಿಗೇ ‘ಮಾಡ್‌ಬಸ್.ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಅಂತ ನಿಲ್ಲುತ್ತೆ. ಮಾಡ್‌ಬಸ್ ಲೈಬ್ರರಿ ಲಿಬ್‌ಮಾಡ್‌ಬಸ್5 ಇನ್‌ಸ್ಟಾಲ್ ಆಗಿದೆ. ‘ಡಿಪಿಕೆಜಿ -ಎಸ್’ (ದೊಡ್ಡಕ್ಷರದ ಎಸ್) ಕೊಟ್ಟು ಹುಡುಕಿದರೂ ಫೈಲ್ ಇಲ್ಲ. ತೋಟದಲ್ಲಿ ನೆಟ್ ಇಲ್ಲ. ಚಿಕ್ಕಮಗಳೂರಿಗೆ ಹೋದಾಗ ಉಬುಂಟು ಲ್ಯಾಪ್‌ಟಾಪಿಗೆ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಬೇಕು. ಯಾವ ಪ್ಯಾಕೇಜ್ ತರಲಿ?

ಹಾಸನ_ಟರ್ಮಿನಲ್:
ಬೇಕಾದ್ದು ಲಿಬ್‌ಮಾಡ್‌ಬಸ್-ಡೆವ್. ಈಗಿರುವುದು ಪ್ರೋಗ್ರಾಂ ಓಡಿಸಲು ಸಾಕು, ಕಂಪೈಲ್ ಮಾಡಲು ಸಾಲದು. ಹೆಡರ್ (.ಎಚ್ ಫೈಲ್) ಮಾತ್ರ ಅಲ್ಲ, ಲೈಬ್ರರಿ ಜೋಡಿಸುವಾಗ ಬೇಕಾಗುವ, ಕೊನೆಯಲ್ಲಿ ನಂಬರ್ ಇಲ್ಲದ .ಎಸ್‌ಓ ಕೊಂಡಿಯೂ ಡೆವ್‌ನಲ್ಲೇ ಇರುತ್ತೆ.

ಡಿಪಿಕೆಜಿ -ಎಸ್ ಹುಡುಕುವುದು ಆಗಲೇ ಇನ್‌ಸ್ಟಾಲ್ ಆದವುಗಳಲ್ಲಿ ಮಾತ್ರ. ಇಲ್ಲದ್ದನ್ನು ಹುಡುಕಲು, ನೆಟ್ ಇರುವ ಕಡೆ ಲ್ಯಾಪ್‌ಟಾಪಿನಲ್ಲಿ ಆಪ್ಟ್-ಫೈಲ್ ಹಾಕಿ, ಒಮ್ಮೆ ‘ಆಪ್ಟ್-ಫೈಲ್ ಅಪ್‌ಡೇಟ್’, ಆಮೇಲೆ ‘ಆಪ್ಟ್-ಫೈಲ್ ಸರ್ಚ್ /ಮಾಡ್‌ಬಸ್.ಎಚ್’. ಹೆಸರಿನ ಮೊದಲಿರುವ ಓರೆಗೀಟು (/) ಬಿಡಬೇಡಿ. ಬಿಟ್ಟರೆ ಹೆಸರಿನ ತುಣುಕು ಎಲ್ಲೆಲ್ಲಿ ಇದೆಯೋ ಅಷ್ಟೂ ಬರುತ್ತೆ.

ಉಬುಂಟುವಿನ .ಡೆಬ್ (ಪ್ಯಾಕೇಜ್ ಫೈಲ್) ಪೈಗೆ ಹಾಕಬೇಡಿ. ಪೈನ ಓಎಸ್ ಯಾವ ಬಗೆಯ ಪ್ಯಾಕೇಜ್ ಕೇಳುತ್ತೆ ಅಂತ ತಿಳಿಯಲು ಮೊದಲು ಅದರಲ್ಲಿ ‘ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್’ ನೋಡಿ. ‘ಯುನೇಮ್ -ಎಂ’ ನಂಬಬೇಡಿ: ಪೈ 4ರಲ್ಲಿ ಓಎಸ್ 32 ಬಿಟ್ ಇದ್ದರೂ ಕರ್ನಲ್ 64 ಬಿಟ್ ಇರಬಹುದು. ಉತ್ತರ ಎಆರ್‌ಎಂ64 (64 ಬಿಟ್) ಅಂತ ಬಂದರೆ ಡೆಬಿಯನ್‌ನ ಪ್ಯಾಕೇಜ್ ಪುಟದಲ್ಲಿ ಬುಕ್‌ವರ್ಮ್, ಎಆರ್‌ಎಂ64 ಆರಿಸಿ ಇಳಿಸಿಕೊಳ್ಳಿ. ಎಆರ್‌ಎಂಎಚ್‌ಎಫ್ (32 ಬಿಟ್) ಬಂದರೆ ರಾಸ್ಪ್‌ಬಿಯನ್ ರೆಪೊಸಿಟರಿಯದ್ದೇ ಬೇಕು.

ಕಾಫಿಕಣ:
ಡೆವ್ ಹಾಕಿದ ಮೇಲೂ ಅದೇ ಎರರ್ ಬರುತ್ತೆ ಮಾರಾಯ್ರೇ, ಆಗ ಪ್ಯಾಕೇಜ್ ತಪ್ಪು ಅಂತ ಕಿತ್ತು ಹಾಕಬೇಡಿ. ಫೈಲ್ ಇರುವುದು /ಯುಎಸ್‌ಆರ್/ಇನ್‌ಕ್ಲೂಡ್/ಮಾಡ್‌ಬಸ್ ಒಳಗೆ; ಜಿಸಿಸಿ ತಾನಾಗಿ ಅಷ್ಟು ಒಳಗೆ ಇಣುಕಲ್ಲ. ‘ಪಿಕೆಜಿ-ಕಾನ್ಫಿಗ್ --ಸಿಫ್ಲ್ಯಾಗ್ಸ್ --ಲಿಬ್ಸ್ ಲಿಬ್‌ಮಾಡ್‌ಬಸ್’ ಕೊಟ್ಟರೆ ಬೇಕಾದ ಎರಡೂ ಆಯ್ಕೆ ಬರುತ್ತೆ. ಅದನ್ನು ಜಿಸಿಸಿ ಸಾಲಿನಲ್ಲಿ .ಸಿ ಫೈಲಿನ *ನಂತರ* ಇಡಿ. ಲೈಬ್ರರಿ ಮೊದಲು, ಸೋರ್ಸ್ ಆಮೇಲೆ ಇದ್ದರೆ ಕೆಲವೊಮ್ಮೆ ‘ಅನ್‌ಡಿಫೈನ್ಡ್ ರೆಫರೆನ್ಸ್’ ಬಂದು ತಲೆ ಕೆಡಿಸುತ್ತೆ. ಲೈಬ್ರರಿ ಜೋಡಿಸುವ ಲಿಂಕರ್ ಎಡದಿಂದ ಬಲಕ್ಕೆ ಓದಿಕೊಂಡು ಹೋಗುತ್ತೆ.

ಮೂಡಿಗೆರೆ_ಮಳೆ:
ಎಆರ್‌ಎಂ64. ಡೆವ್ ತಂದೆ. ಈಗ ‘ಲಿಬ್‌ಮಾಡ್‌ಬಸ್5 ಇದೇ ವರ್ಷನ್ ಬೇಕು’ ಅಂತ ತಕರಾರು.

ಹಾಸನ_ಟರ್ಮಿನಲ್:
ಅದು ತಕರಾರಲ್ಲ, ಸರಿಯಾಗೇ ಹೇಳುತ್ತಿದೆ. ಡೆವ್‌ಗೆ ತನ್ನದೇ ವರ್ಷನ್ನಿನ ಲೈಬ್ರರಿಯೇ ಬೇಕು, ಕೊನೆಯ ಅಂಕಿಯೂ ಸೇರಿ. ಅದೇ ಪುಟದಿಂದ ಲಿಬ್‌ಮಾಡ್‌ಬಸ್5 ಕೂಡ ಇಳಿಸಿ, ಎರಡನ್ನೂ ಒಂದೇ ಫೋಲ್ಡರಿನಲ್ಲಿಟ್ಟು ‘ಸುಡೊ ಆಪ್ಟ್ ಇನ್‌ಸ್ಟಾಲ್ ./*.ಡೆಬ್’ ಕೊಡಿ. ./ ಬಿಟ್ಟರೆ ಆಪ್ಟ್ ಅದನ್ನು ಫೈಲ್ ಅಂತ ನೋಡಲ್ಲ, ನೆಟ್‌ನಲ್ಲಿರುವ ಪ್ಯಾಕೇಜ್ ಹೆಸರು ಅಂದುಕೊಳ್ಳುತ್ತೆ. ಬೇಕಾದ ಪ್ಯಾಕೇಜ್ ಇಲ್ಲದಿದ್ದರೂ ಬಲವಂತವಾಗಿ ಹಾಕುವ --ಫೋರ್ಸ್-ಡಿಪೆಂಡ್ಸ್ ಮಾತ್ರ ಮುಟ್ಟಬೇಡಿ, ಆಮೇಲೆ ಪ್ರತಿ ಇನ್‌ಸ್ಟಾಲ್‌ನಲ್ಲೂ ಅದೇ ಗೋಳು.