ಮಾವನವರಿಗೆ ಕಿವಿ ಮಂದ, ಮಿಷನ್ ಹಾಕ್ಕೊಳ್ಳೋಕೆ ಒಪ್ಪಲ್ಲ

ತಿಪಟೂರಿನ ಸೊಸೆ:
ನಮ್ಮ ಮಾವನವರಿಗೆ 74. ಮೊದಲೆಲ್ಲ ಸಂಜೆ ಆದ್ರೆ ಕಟ್ಟೆ ಮೇಲೆ ಕೊಬ್ಬರಿ ರೇಟು, ರಾಜಕೀಯ ಅಂತ ಮಾತೋ ಮಾತು. ಈಗ ಮನೆ ಬಿಟ್ಟು ಹೋಗಲ್ಲ. ಮೊಮ್ಮಗಳು ಫೋನ್ ಮಾಡಿದ್ರೆ "ಹೂಂ, ಚೆನ್ನಾಗಿದೀನಿ" ಅಂದು ಅತ್ತೆ ಕೈಗೆ ಕೊಟ್ಟುಬಿಡ್ತಾರೆ. ಜೋರಾಗಿ ಹೇಳಿದ್ರೆ "ಯಾಕೆ ಕಿರುಚ್ತೀಯ, ಕೇಳಿಸುತ್ತೆ" ಅಂತ ಸಿಟ್ಟು. ಮೆಲ್ಲಗೆ ಹೇಳಿದ್ರೆ ಏನೇನೋ ಉತ್ತರ. ಮಿಷನ್ ತಂದಿದ್ದೀವಿ, ತಟ್ಟೆ ಲೋಟದ ಸದ್ದಿಗೇ ತಲೆ ಸಿಡಿಯುತ್ತೆ ಅಂತ ಬೀರುವಿನಲ್ಲಿಟ್ಟಿದ್ದಾರೆ. ಮರೆವಿನ ಕಾಯಿಲೆ ಶುರುವಾಯ್ತೇನೋ ಅಂತ ನಮ್ಮೆಜಮಾನರಿಗೆ ಭಯ.

ನಿವೃತ್ತ ಮೇಷ್ಟ್ರು, ಮೈಸೂರು:
ನೋಡಮ್ಮ, ನನಗೂ ಎರಡೂ ಕಿವಿಗೆ ಮಿಷನ್ ಇದೆ. ನಿಮ್ಮ ಮಾವ ಸುಳ್ಳು ಹೇಳ್ತಿಲ್ಲ, ಅವರಿಗೆ ಕೇಳಿಸುತ್ತೆ, ಅರ್ಥ ಆಗಲ್ಲ. ವಯಸ್ಸಾದಾಗ ಮೊದಲು ಹೋಗೋದು ಕೀರಲು ಸದ್ದು. ಆ, ಓ ಕೇಳಿಸುತ್ತೆ, ಸ, ಶ, ತ ಜಾರಿಹೋಗುತ್ತೆ. 'ಹಾಸು' ಅಂದರೋ 'ಹಾಕು' ಅಂದರೋ ನಾವೇ ಊಹಿಸಬೇಕು. ದಿನವೆಲ್ಲ ಊಹಿಸಿ ಸಂಜೆಗೆ ಸುಸ್ತಾಗುತ್ತೆ. ಮದುವೆ ಮನೇಲಿ ಎಲ್ಲರೂ ನಕ್ಕಾಗ ನಾನೂ ನಗ್ತಿದ್ದೆ, ಯಾಕೆ ಅಂತ ಗೊತ್ತಿರ್ತಿರಲಿಲ್ಲ. ಆಮೇಲೆ ಹೋಗೋದೇ ಬಿಟ್ಟೆ. ಕಟ್ಟೆ ಬಿಟ್ಟಿದ್ದೂ ಅದಕ್ಕೇ ಇರಬೇಕು.

ಕಿರುಚಬೇಡಿ. ಟಿವಿ, ಮಿಕ್ಸಿ ನಿಲ್ಲಿಸಿ, ಎದುರಿಗೆ ಬಂದು, ತುಟಿ ಕಾಣೋ ಹಾಗೆ ನಿಧಾನವಾಗಿ ಹೇಳಿ. ಅರ್ಥ ಆಗದಿದ್ರೆ ಅದನ್ನೇ ಬೇರೆ ಮಾತಲ್ಲಿ ಹೇಳಿ. "ಬಿಡಿ, ಏನಿಲ್ಲ" ಅಂತ ಮಾತ್ರ ಅನ್ನಬೇಡಿ ತಾಯಿ, ಅದು ತುಂಬ ನೋಯಿಸುತ್ತೆ.

ನಾನು ತೋರಿಸಿದ್ದು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಅಲ್ಲಿಗೊಮ್ಮೆ ಕರ್ಕೊಂಡು ಬನ್ನಿ.

ಆಡಿಯಾಲಜಿಸ್ಟ್ (ಶ್ರವಣ ತಜ್ಞರು), ಬೆಂಗಳೂರು:
ಮೇಷ್ಟ್ರು ಹೇಳಿದ್ದು ಸರಿ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ ಮರೆವಿನ ಕಾಯಿಲೆಗೆ ಪಟ್ಟಿ ಮಾಡಿರೋ 14 ಅಪಾಯದ ಅಂಶಗಳಲ್ಲಿ ಕಿವಿಮಂದವೂ ಒಂದು. ಹಾಗಂತ ಕಿವಿ ಕೇಳದವರಿಗೆಲ್ಲ ಅದು ಬರಲ್ಲ. ಸರಿಯಾಗಿ ಕೇಳಿಸದೆ ಕೊಟ್ಟ ಉತ್ತರವನ್ನ ಮನೆಯವರು ಮರೆವು ಅಂದುಕೊಳ್ಳೋದೂ ಉಂಟು. ಹಾಗಾಗಿ ಮೊದಲು ಕಿವಿ, ಆಮೇಲೆ ನೆನಪಿನ ಪರೀಕ್ಷೆ. ಗುಗ್ಗೆ ಕಟ್ಟಿದ್ದರೆ ಇಎನ್‌ಟಿ ಡಾಕ್ಟರ ಹತ್ತಿರ ತೆಗೆಸಿ.

ವರ್ಷಗಟ್ಟಲೆ ಕೇಳದ ಸದ್ದು ಒಮ್ಮೆಲೇ ಬಂದ್ರೆ ಮೆದುಳಿಗೆ ಹೊಂದಿಕೊಳ್ಳೋಕೆ ಕೆಲವು ವಾರ ಬೇಕು. ದಿನಕ್ಕೆ ಒಂದೆರಡು ಗಂಟೆ, ಸದ್ದಿಲ್ಲದ ಕೋಣೆಯಲ್ಲಿ ಒಬ್ಬರ ಜೊತೆ ಮಾತಾಡ್ತಾ ಶುರುಮಾಡಲಿ. ತಟ್ಟೆ ಸದ್ದು ತಲೆ ಸಿಡಿಸುತ್ತೆ ಅಂದ್ರೆ ಮಿಷನ್ನಿನ ಸೆಟ್ಟಿಂಗ್ ಬದಲಿಸಬೇಕು, ಅದಾಗುತ್ತೆ. ಮಿಷನ್ ತರೋ ಮುಂಚೆ ಆಡಿಯೋಗ್ರಾಂ, ಅಂದ್ರೆ ಯಾವ ಸದ್ದು ಎಷ್ಟು ಕೇಳಿಸುತ್ತೆ ಅಂತ ನೋಡೋ ಪರೀಕ್ಷೆ, ಮಾಡಿಸಿದ್ರಾ?