ಹಳೇ ಡಿ-50 ಡೋಜರ್ ಸ್ಟಾರ್ಟ್ ಆಗ್ತಿಲ್ಲ, ಎಳೆಸಬಹುದಾ?

ಪ್ರಶ್ನೆ (ಗಾಡಿ ಮಾಲೀಕರು, ಹಿರಿಯೂರು ಕಡೆ): ಮೇನ್ ಕ್ಲಚ್ ಇರೋ ಹಳೇ ಡಿ-50. ಕೆರೆ ಹೂಳಿನ ಕೆಲಸ ಮುಗಿದ ಮೇಲೆ ಏಳು ತಿಂಗಳಿಂದ ಬಯಲಲ್ಲೇ ನಿಂತಿದೆ. ಸೈಲೆನ್ಸರ್ ಬಾಯಿಗೆ ಕವುಚಿದ್ದ ಡಬ್ಬ ಮಳೆಗಾಲದಲ್ಲಿ ಯಾವಾಗಲೋ ಬಿದ್ದುಹೋಗಿದೆ. ಎರಡು ಬ್ಯಾಟರಿಯಲ್ಲಿ ಒಂದು ಹೊಸದು, ಇನ್ನೊಂದು ಹಳೇದೇ. ಕೀ ತಿರುಗಿಸಿದರೆ ಸೆಲ್ಫ್ (ಸ್ಟಾರ್ಟರ್ ಮೋಟರ್) ಹತ್ತಿರ ‘ಟಕ್’ ಅಂತ ಒಂದು ಸದ್ದು, ಅಷ್ಟೇ. ಹಿಟಾಚಿಯಿಂದ ಎಳೆಸಿದರೆ ಸ್ಟಾರ್ಟ್ ಆಗುತ್ತೆ ಅಂತಾರೆ ಆಪರೇಟರ್.

ಉತ್ತರ (ಹೆವಿ ಮೆಷಿನ್ ಮೆಕ್ಯಾನಿಕ್): ಎಳೆಸಬೇಡಿ ಸಾರ್. ಇನ್ನೊಂದು ಸಲ ಕೀ ಕೂಡ ತಿರುಗಿಸಬೇಡಿ. ನಿಮ್ಮ ಮಾತಲ್ಲಿ ನನಗೆ ಭಯ ಹುಟ್ಟಿಸಿದ್ದು ಬ್ಯಾಟರಿ ಅಲ್ಲ, ಬಿದ್ದುಹೋದ ಆ ಡಬ್ಬ. ಸೈಲೆನ್ಸರ್‌ನಿಂದ ಇಳಿದ ಮಳೆನೀರು ತೆರೆದಿರೋ ಎಕ್ಸಾಸ್ಟ್ ವಾಲ್ವ್ ದಾಟಿ ಸಿಲಿಂಡರ್ ಒಳಗೆ ನಿಂತಿರಬಹುದು. ಗಾಳಿ ಒತ್ತಿದರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಎಳೆದರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಆಮೇಲೆ ಇಡೀ ಎಂಜಿನ್ ಬಿಚ್ಚೋ ಖರ್ಚು. (ಮೇನ್ ಕ್ಲಚ್ ಬದಲು ಆಯಿಲ್ ಮೂಲಕ ಎಂಜಿನ್ ಬಲ ಸಾಗಿಸೋ ಟಾರ್ಕ್ ಕನ್ವರ್ಟರ್ ಗಾಡಿಯಾದರಂತೂ ಎಳೆದು ಪ್ರಯೋಜನವೇ ಇಲ್ಲ. ಎಂಜಿನ್ ತಿರುಗದೆ ಗೇರಿಗೆ ಆಯಿಲ್ ಪ್ರೆಷರ್ ಬರಲ್ಲ.)

ಬ್ಲೇಡ್ ನೆಲಕ್ಕೆ ಇಳಿದಿರಲಿ, ಗೇರ್ ನ್ಯೂಟ್ರಲ್, ಬ್ರೇಕ್ ಲಾಕ್. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿಡಿ. ಡಿಪ್‌ಸ್ಟಿಕ್ ನೋಡಿ: ಆಯಿಲ್ ಮಟ್ಟ ಏರಿದ್ದರೆ, ಇಲ್ಲವೇ ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ನೀರು ಸೇರಿದೆ. ಎಂಜಿನ್ ಅಡಿಯ ಆಯಿಲ್ ಚೇಂಬರ್‌ನ ಡ್ರೈನ್ ಬೋಲ್ಟ್ ಪೂರ್ತಿ ತೆಗೆಯದೆ ನಿಧಾನಕ್ಕೆ ಸಡಿಲಿಸಿ. ನೀರು ಭಾರ, ಅಡಿಯಲ್ಲಿರುತ್ತೆ, ಅದೇ ಮೊದಲು ತೊಟ್ಟಿಕ್ಕುತ್ತೆ.

ಆಮೇಲೆ ಡೀಸೆಲ್ ನಿಲ್ಲಿಸೋ ಸ್ಟಾಪ್ ಲಿವರ್ ಎಳೆದಿಟ್ಟು, ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸಾಕೆಟ್ ಹಾಕಿ, ಉದ್ದನೆ ಹ್ಯಾಂಡಲ್‌ನಿಂದ ಎಂಜಿನ್ ತಿರುಗೋ ದಿಕ್ಕಿಗೇ ಕೈಯಲ್ಲಿ ತಿರುಗಿಸಿ. ಪೂರ್ತಿ ಎರಡು ಸುತ್ತು ಆಗಬೇಕು, ಆಗಲೇ ಎಲ್ಲ ಸಿಲಿಂಡರೂ ಒಂದೊಂದು ಸಲ ಕಂಪ್ರೆಷನ್‌ಗೆ ಬರೋದು. ಕಂಪ್ರೆಷನ್ ಆದರೆ ಬಿಗಿಯಾಗಿ, ಒಂದು ಕ್ಷಣ ತಡೆದು ನಿಧಾನಕ್ಕೆ ಬಿಡುತ್ತೆ. ಗೋಡೆಗೆ ತಾಗಿದ ಹಾಗೆ ಗಕ್ಕನೆ ನಿಂತರೆ ಜೋರು ಮಾಡಬೇಡಿ. ಇಂಜೆಕ್ಟರ್‌ಗಳನ್ನೆಲ್ಲ ಬಿಚ್ಚಿ ಮತ್ತೆ ತಿರುಗಿಸಿ, ನೀರು ಇದ್ದರೆ ಆ ತೂತಿನಿಂದ ಹೊರಗೆ ಬರುತ್ತೆ.

ಉತ್ತರ (ಆಟೋ ಎಲೆಕ್ಟ್ರಿಷಿಯನ್): ಎಂಜಿನ್ ಫ್ರೀ ಇದೆ ಅಂತ ಖಾತ್ರಿಯಾದ ಮೇಲೆ ನನ್ನ ಸರದಿ. ಹೊಸದು–ಹಳೇದು ಬ್ಯಾಟರಿ ಜೋಡಿ ಒಳ್ಳೆಯದಲ್ಲ. ಇದು 24 ವೋಲ್ಟ್, ಎರಡೂ ಬ್ಯಾಟರಿ ಸೀರೀಸ್, ಅಂದರೆ ಒಂದರ ಹಿಂದೆ ಒಂದು. ಹಳೇದು ಸೋತರೆ ಹೊಸದೂ ಕೈಕಟ್ಟಿ ಕೂರುತ್ತೆ. ಚಾರ್ಜ್ ಆಗಿ ಒಂದು ರಾತ್ರಿ ಬಿಟ್ಟ ಬ್ಯಾಟರಿ ಒಂದೊಂದೂ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಒಂದೊಂದನ್ನೂ ಬೇರೆ ಬೇರೆ ಅಳೆಯಿರಿ, 9.6ಕ್ಕಿಂತ ಕೆಳಗೆ ಬಿದ್ದದ್ದು ಹೋಗಿದೆ ಅಂತ ಲೆಕ್ಕ.

‘ಟಕ್’ ಅಂದಾಗ ಲೈಟ್ ಮಂಕಾಗುತ್ತಾ ನೋಡಿ. ಮಂಕಾದರೆ ಕರೆಂಟ್ ಹೋಗ್ತಿದೆ, ಬ್ಯಾಟರಿ ಸೋತಿದೆ ಅಥವಾ ಮುಂದೆ ಏನೋ ಬಿಗಿದಿದೆ. ಮಂಕಾಗದಿದ್ದರೆ ಕರೆಂಟೇ ಹೋಗ್ತಿಲ್ಲ: ಕೇಬಲ್, ಸಾಲೆನಾಯ್ಡ್ (ಸೆಲ್ಫ್ ಮೇಲಿನ ಸ್ವಿಚ್) ಒಳಗಿನ ಸುಟ್ಟ ಕಾಂಟ್ಯಾಕ್ಟ್, ಇಲ್ಲಾ ಸವೆದ ಕಾರ್ಬನ್ ಬ್ರಷ್. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೇ ಇಡಿ, ಕೇಬಲ್ ತುದಿಯ ಲಗ್ಗಿಗೆ ಅಲ್ಲ. ಇನ್ನೊಂದು ಎಂಜಿನ್ ಬ್ಲಾಕಿನ ಬಣ್ಣ ಕೆರೆದ ಜಾಗಕ್ಕೆ. ಸೆಲ್ಫ್ ಹೊಡೆದಾಗ ಅರ್ಧ ವೋಲ್ಟ್ ದಾಟಿದರೆ ಅರ್ಥ್ (ಮೈನಸ್ ಕೇಬಲ್ ದಾರಿ) ಕೆಟ್ಟಿದೆ.

ಮಾಲೀಕರು: ಕೈಯಲ್ಲಿ ಎರಡು ಸುತ್ತು ತಿರುಗಿತು, ಎಲ್ಲೂ ಗಕ್ಕನೆ ನಿಲ್ಲಲಿಲ್ಲ. ಆಯಿಲ್‌ನಲ್ಲೂ ನೀರಿಲ್ಲ. ಅರ್ಥ್‌ನಲ್ಲಿ 3 ವೋಲ್ಟ್ ತೋರಿಸಿತು, ಲಗ್ಗಿನೊಳಗೆ ತಂತಿ ಹಸಿರು ಪುಡಿಯಾಗಿತ್ತು. ಕೇಬಲ್ ಬದಲಿಸಿ, ಜೋಡಿ ಬ್ಯಾಟರಿ ಹಾಕಿದೆವು. ಈಗ ಸೆಲ್ಫ್ ಚೆನ್ನಾಗಿ ಹೊಡೀತಿದೆ, ಆದರೆ ಎಂಜಿನ್ ಹಿಡೀತಿಲ್ಲ. ಹೊಗೆ ಚೂರೂ ಇಲ್ಲ.

ಉತ್ತರ (ಡೀಸೆಲ್ ಪಂಪ್ ಕೆಲಸದವರು): ಹೊಗೆ ಇಲ್ಲ ಅಂದರೆ ಸಿಲಿಂಡರಿಗೆ ಡೀಸೆಲ್ ಮುಟ್ಟಿಲ್ಲ. ಸೆಲ್ಫ್ ಒಂದು ಸಲಕ್ಕೆ 20 ಸೆಕೆಂಡ್ ಮೀರದಿರಲಿ, ನಡುವೆ ಎರಡು ನಿಮಿಷ ಬಿಡಿ.

ಮೊದಲು ಸ್ಟಾಪ್ ಲಿವರ್ ‘ರನ್’ಗೆ ಪೂರ್ತಿ ವಾಪಸ್ ಬಂದಿದೆಯಾ ಪಂಪ್ ಬಳಿಯೇ ನೋಡಿ, ಸೀಟಿನಲ್ಲಿ ಕೂತು ಅಲ್ಲ. ಟ್ಯಾಂಕ್ ತಳದ ಡ್ರೈನ್‌ನಿಂದ ಬರೀ ಡೀಸೆಲ್ ಬರೋವರೆಗೂ ನೀರು ಇಳಿಸಿ. ಟ್ಯಾಂಕಿನಿಂದ ಡೀಸೆಲ್ ಎಳೆಯೋ ಫೀಡ್ ಪಂಪ್‌ನ ಜಾಲರಿ ತೊಳೆದು ಫಿಲ್ಟರ್ ಬದಲಿಸಿ. ಆಮೇಲೆ ಏರ್ ತೆಗೆಯೋದು: ಫಿಲ್ಟರ್ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿ, ನೊರೆ ನಿಂತು ಡೀಸೆಲ್ ಒಂದೇ ಧಾರೆಯಾದಾಗ, ಒತ್ತುತ್ತಲೇ ಬಿಗಿಯಿರಿ. ನಂತರ ಇಂಜೆಕ್ಷನ್ ಪಂಪ್‌ನ ಸ್ಕ್ರೂಗೂ ಹಾಗೇ. ಕೊನೆಗೆ ಇಂಜೆಕ್ಟರ್ ಕಡೆಯ ಪೈಪ್ ನಟ್ಟುಗಳನ್ನ ಒಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಅಲ್ಲಿ ಕೈ ಇಡಬೇಡಿ, ಆ ಪ್ರೆಷರ್‌ಗೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತೆ.

ನೊರೆ ನಿಲ್ಲದೇ ಇದ್ದರೆ ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಹೋಸ್ ಗಾಳಿ ಎಳೀತಿದೆ. ಅಲ್ಲಿ ಡೀಸೆಲ್ ಹೊರಗೆ ಸೋರಲ್ಲ, ಅದಕ್ಕೇ ಕಣ್ಣಿಗೆ ಬೀಳಲ್ಲ. ಕ್ಯಾನಲ್ಲಿ ಐದು ಲೀಟರ್ ಡೀಸೆಲ್ ತುಂಬಿ ಎಂಜಿನ್‌ಗಿಂತ ಎತ್ತರಕ್ಕೆ ಕಟ್ಟಿ, ನೇರ ಫೀಡ್ ಪಂಪ್‌ಗೆ ಕೊಡಿ. ಗುಳ್ಳೆ ನಿಂತರೆ ಕಳ್ಳ ಆ ಹಳೇ ಹೋಸೇ.

ಡೀಸೆಲ್ ಪಂಪ್‌ವರೆಗೆ ಬಂದು ಇಂಜೆಕ್ಟರ್ ನಟ್ಟಿನಲ್ಲಿ ಒಂದರಲ್ಲೂ ಬಾರದಿದ್ದರೆ ಪಂಪ್ ಒಳಗೆ ಡೀಸೆಲ್ ಹೆಚ್ಚು ಕಡಿಮೆ ಮಾಡೋ ಸರಳು, ಅಂದರೆ ರ‍್ಯಾಕ್ ಜಾಮ್. ತಿಂಗಳುಗಟ್ಟಲೆ ನಿಂತ ಪಂಪ್‌ನಲ್ಲಿ ಹಳೇ ಡೀಸೆಲ್ ಅಂಟಾಗಿ ‘ಸ್ಟಾಪ್’ನಲ್ಲೇ ಹಿಡಿದಿರುತ್ತೆ. ಸುತ್ತಿಗೆ ಮುಟ್ಟಿಸಬೇಡಿ. ಸೈಡ್ ಕವರ್ ತೆಗೆದು ಹೊಸ ಡೀಸೆಲ್ ಬಿಟ್ಟು ನೆನೆಸಿ, ಬೆರಳಲ್ಲಿ ಸರಾಗವಾಗಿ ಆಚೀಚೆ ಆಡಬೇಕು. ಆಡದಿದ್ದರೆ ಪಂಪ್ ಬಿಚ್ಚಿ ಟೆಸ್ಟ್ ಬೆಂಚಿಗೆ (ಪಂಪ್ ಪರೀಕ್ಷಿಸೋ ವರ್ಕ್‌ಶಾಪಿಗೆ) ಕಳಿಸಿ. ಅರ್ಧ ಸಡಿಲಾದ ರ‍್ಯಾಕ್ ‘ಫುಲ್’ನಲ್ಲಿ ಸಿಕ್ಕಿಕೊಂಡರೆ ಎಂಜಿನ್ ಕೈಮೀರಿ ಓಡುತ್ತೆ, ಸ್ಟಾಪ್ ಎಳೆದರೂ ನಿಲ್ಲಲ್ಲ. ಆದ್ದರಿಂದ ಮೊದಲ ಸ್ಟಾರ್ಟ್‌ಗೆ ಏರ್ ಕ್ಲೀನರ್ ಪೈಪ್ ಬಿಚ್ಚಿ, ಗಾಳಿ ಒಳಹೋಗೋ ಬಾಯಿ ಮುಚ್ಚೋಕೆ ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಅಂಗೈಯಿಂದ ಮುಚ್ಚೋಕೆ ಹೋಗಬಾರದು.

ಇನ್ನೊಬ್ಬ ಸದಸ್ಯ: ನಮ್ಮದರಲ್ಲಿ ಬಿಳಿ ಹೊಗೆ ಬರುತ್ತೆ, ಹಿಡಿಯಲ್ಲ. ಬೇಗ ಹೊತ್ತಿಕೊಳ್ಳಲಿ ಅಂತ ಗಾಳಿ ಬಾಯಿಗೆ ಈಥರ್ ಸ್ಪ್ರೇ ಹೊಡೀಬಹುದಾ ಅಣ್ಣ?

ಉತ್ತರ (ಡೀಸೆಲ್ ಪಂಪ್ ಕೆಲಸದವರು): ಗ್ಲೋ ಪ್ಲಗ್ ಅಥವಾ ಏರ್ ಹೀಟರ್ ಇದ್ದರೆ ಖಂಡಿತ ಬೇಡ, ಕಾದ ಕಾಯಿಲ್‌ಗೆ ತಾಗಿ ಮ್ಯಾನಿಫೋಲ್ಡ್‌ನಲ್ಲೇ ಸಿಡಿಯುತ್ತೆ. ಬಿಳಿ ಹೊಗೆ ಅಂದರೆ ಡೀಸೆಲ್ ಬರ್ತಿದೆ, ಉರೀತಿಲ್ಲ. ಸೆಲ್ಫ್ ನಿಧಾನ ತಿರುಗ್ತಿದೆಯಾ, ಹೀಟರ್ ಕಾಯ್ತಿದೆಯಾ, ಟ್ಯಾಪೆಟ್ ಬಿಗಿಯಾಗಿ ವಾಲ್ವ್ ಪೂರ್ತಿ ಮುಚ್ತಿಲ್ಲವಾ ನೋಡಿ. ಕಂಪ್ರೆಷನ್ ಅಳೆಸೋದು ಆಮೇಲೆ.

ಮೆಕ್ಯಾನಿಕ್: ಹಿರಿಯೂರಿನವರಿಗೆ ಒಂದು ಮಾತು ಸಾರ್. ಏಳು ತಿಂಗಳಲ್ಲಿ ಬೇರಿಂಗ್ ಮೇಲಿನ ಆಯಿಲ್ ಎಲ್ಲ ಇಳಿದುಹೋಗಿರುತ್ತೆ. ಸ್ಟಾಪ್ ಎಳೆದೇ, ಬಿಟ್ಟು ಬಿಟ್ಟು ಸೆಲ್ಫ್ ಹೊಡೆದು ಆಯಿಲ್ ಮೀಟರ್ ಮುಳ್ಳು ಏಳೋದನ್ನ ನೋಡಿ, ಆಮೇಲೆ ಡೀಸೆಲ್ ಬಿಡಿ. ಸ್ಟಾರ್ಟ್ ಆದ 15 ಸೆಕೆಂಡಿನಲ್ಲಿ ಪ್ರೆಷರ್ ಕಾಣದಿದ್ದರೆ ಆಫ್ ಮಾಡಿ.