ಸಹಾಯ ಬೇಕು: ಲ್ಯಾಪರೋಸ್ಕೋಪಿ ಹೊಲಿಗೆ ಆನ್‌ಲೈನ್‌ನಲ್ಲಿ ಕಲಿಯಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಜನರಲ್ ಸರ್ಜರಿಯಲ್ಲಿ ಎರಡನೇ ವರ್ಷದ ರೆಸಿಡೆಂಟ್ (ತರಬೇತಿಯಲ್ಲಿರುವ ಡಾಕ್ಟರ್). ನಮ್ಮ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಚಿತ್ರ ನೋಡುತ್ತಾ ಉದ್ದನೆಯ ಉಪಕರಣಗಳಿಂದ ಮಾಡುವ ಆಪರೇಷನ್) ತರಬೇತಿಯನ್ನು ಪೂರ್ತಿ ವಿಡಿಯೋ ಕಾಲ್‌ಗೆ ಬದಲಿಸುವ ಮಾತು ನಡೆದಿದೆ. ರೆಸಿಡೆಂಟ್‌ಗಳ ಪರವಾಗಿ ಅಭಿಪ್ರಾಯ ಬರೆದುಕೊಡುವ ಕೆಲಸ ನನ್ನ ತಲೆಗೆ ಬಂದಿದೆ.

ಆನ್‌ಲೈನ್ ಬೇಡವೇ ಬೇಡ ಅನ್ನುವವನಲ್ಲ ನಾನು. ಸ್ಕ್ಯಾನ್ ನೋಡಿ ಚರ್ಚಿಸಲು, ಆಪರೇಷನ್ ಹಂತಗಳನ್ನು ಕಲಿಯಲು ಅದು ಸಾಕು. 2002ರ ಒಂದು ಅಧ್ಯಯನದಲ್ಲಿ ವಿಆರ್ ಸಿಮ್ಯುಲೇಟರ್‌ನಲ್ಲಿ (ಕಂಪ್ಯೂಟರ್‌ನಲ್ಲಿ ಆಪರೇಷನ್ ಅಭ್ಯಾಸ ಮಾಡಿಸುವ ಯಂತ್ರ) ಪಳಗಿದ ರೆಸಿಡೆಂಟ್‌ಗಳು ಪಿತ್ತಕೋಶವನ್ನು ಲಿವರ್‌ನಿಂದ ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದ್ದರು. ಆದರೆ ಅವರು ಕೈಯಾಡಿಸಿ ಕಲಿತವರು, ಸುಮ್ನೆ ಪರದೆ ನೋಡಿದವರಲ್ಲ ಅಲ್ವಾ?

ನನಗೆ ಕಷ್ಟವಾಗಿದ್ದು ಒಳಗೆ ಗಂಟು ಹಾಕುವುದು. ಕೈ ಬಲಕ್ಕೆ ಹೋದರೆ ಉಪಕರಣದ ತುದಿ ಎಡಕ್ಕೆ ಹೋಗುತ್ತದೆ. ಬಾಕ್ಸ್ ಟ್ರೇನರ್ (ಒಳಗೆ ಕ್ಯಾಮೆರಾ ಇರುವ ಅಭ್ಯಾಸದ ಪೆಟ್ಟಿಗೆ) ಮುಂದೆ ತಿಂಗಳುಗಟ್ಟಲೆ ಒಬ್ಬನೇ ತಿಣುಕಾಡಿದೆ. ಒಂದು ದಿನ ಸೀನಿಯರ್ ಒಬ್ಬರು ಪಕ್ಕದಲ್ಲಿ ನಿಂತು ನನ್ನ ಮೊಣಕೈ ಕೆಳಗಿಳಿಸಿದರು, ನೀಡಲ್ ಹಿಡಿಯುವ ಜಾಗ ಸರಿಮಾಡಿದರು. ಅಷ್ಟೇ, ಗಂಟು ಕೂತಿತು. ಬಾಕ್ಸ್ ಒಳಗಿನ ಕ್ಯಾಮೆರಾಗೆ ನನ್ನ ಮೊಣಕೈ ಕಾಣಿಸುತ್ತಲೇ ಇರಲಿಲ್ಲ! ದಾರವನ್ನು ಎಷ್ಟು ಜಾಸ್ತಿ ಎಳೆದೆ ಎನ್ನುವುದೂ ಪರದೆಯಲ್ಲಿ ಗೊತ್ತಾಗುವುದಿಲ್ಲ.

ನಿಮ್ಮಲ್ಲಿ ಯಾರಾದರೂ ಎರಡನ್ನೂ ಬೆರೆಸಿ ನಡೆಸಿದ್ದೀರಾ? ಬಾಕ್ಸ್ ಒಳಗೊಂದು, ಕೈಗಳ ಕಡೆಗೊಂದು ಕ್ಯಾಮೆರಾ ಇಟ್ಟರೆ ಉಪಯೋಗವಾಗುತ್ತದೆಯೇ? ಮುಖಾಮುಖಿ ತರಗತಿ ವಾರಕ್ಕೆ ಒಂದಾದರೆ ಸಾಕೇ? ನೀವು ಅಂಕ ಕೊಡಲು ಬಳಸುವ ಚೆಕ್‌ಲಿಸ್ಟ್ ಇದ್ದರೆ ದಯವಿಟ್ಟು ಕಳಿಸಿ. ಶುಕ್ರವಾರದೊಳಗೆ ಬರೆದುಕೊಡಬೇಕು.